ಹಾಡಿನ ಕೆಳಗೆ ಉಳಿದ ದನಿ

ಹೋದ ತಿಂಗಳು ಬೀರುವಿನಿಂದ ರೇಷ್ಮೆ ಸೀರೆ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ಅಜ್ಜಿಯ ಟ್ರಂಕೋ, ನಿಮ್ಮದೇ ಧಾರೆ ಸೀರೆಯೋ ಇರಬಹುದು. ನನಗೆ ಮಾತ್ರ ಒಂದು ವಿಡಿಯೊ ಕ್ಯಾಸೆಟ್ಟು ನೆನಪಾಗುತ್ತದೆ. ಸೀರೆಯನ್ನು ಮಂಚದ ಮೇಲೆ ಹರವಿ, ಫ್ಯಾನು ಹಾಕಿ, ಹೋಗಲೋ ಬೇಡವೋ ಎಂದು ಪಕ್ಕದಲ್ಲೇ ಕೂತೆ. ಮೇಲೂರಿನಿಂದ ಮದುವೆಗೆ ಕರೆ ಬಂದಿತ್ತು. ಕರೆದವಳು ಸುಜಾತ. ಅವಳು ತನ್ನ ಮಗಳ ಮದುವೆಗೆ ನನ್ನನ್ನು ಕರೆದಾಳು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಯಾಕೆ ಎನ್ನುವುದನ್ನು ಹೇಳಬೇಕಾದರೆ ಮೊದಲು ನನ್ನ ಜಂಬದ ಕಥೆ ಹೇಳಬೇಕು.

ಚಿಂತಾಮಣಿಯಲ್ಲಿ ನಮ್ಮದೊಂದು ಸ್ಟುಡಿಯೊ ಇತ್ತು. ಕ್ಯಾಮೆರಾ ಹಿಡಿಯುವವರು ನಮ್ಮ ಯಜಮಾನರು, ಲೈಟು ಹಿಡಿಯುವವಳೂ ಆಮೇಲೆ ಮಿಕ್ಸಿಂಗಿಗೆ ಕೂರುವವಳೂ ನಾನು. ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ: ಆಗಿನ ಮದುವೆ ಕ್ಯಾಸೆಟ್ಟುಗಳಲ್ಲಿ ಮದುವೆಯ ಸದ್ದೇ ಇರುತ್ತಿರಲಿಲ್ಲ. ಪುರೋಹಿತರ ಮಂತ್ರ, ನೆಂಟರ ಜಗಳ, ಮಕ್ಕಳ ಅಳು ಎಲ್ಲವನ್ನೂ ಒರೆಸಿ ಅದರ ಮೇಲೆ ಸಿನಿಮಾ ಹಾಡು ಹಾಕುತ್ತಿದ್ದೆವು. ಅರಿಶಿನಕ್ಕೆ ಒಂದು, ಧಾರೆಗೆ ಒಂದು, ಊಟದ ಪಂಕ್ತಿಗೆ ಒಂದು ಕುಣಿತದ ಹಾಡು. ಗಡಿ ಕಡೆಯ ಊರುಗಳವರಾದರೆ ಅರ್ಧ ತೆಲುಗು ಹಾಡು. ಜನ ಅದನ್ನೇ ಕೇಳುತ್ತಿದ್ದರು. ಹಾಡಿಲ್ಲದ ಕ್ಯಾಸೆಟ್ಟು ಕೊಟ್ಟರೆ ಸತ್ತವರ ಮನೆಯ ಹಾಗಿದೆ ಎಂದು ವಾಪಸು ತರುತ್ತಿದ್ದರು. ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂಬುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲ ಎಂದು ನಾನೇ ಹೇಳಿಕೊಂಡು ಓಡಾಡುತ್ತಿದ್ದೆ. ಬೇರೆ ಯಾರೂ ಹೇಳಿದ್ದು ನೆನಪಿಲ್ಲ.

ಎಡಿಟಿಂಗು ಬೇಡ, ಇದ್ದ ಹಾಗೇ ಕೊಡಿ ಎನ್ನುವವರಿಗೆ ಕ್ಯಾಮೆರಾದಲ್ಲಿ ಓಡಿದ ಕ್ಯಾಸೆಟ್ಟಿನ ಮೇಲೇ ನೇರವಾಗಿ ಹಾಡು ಹತ್ತಿಸಿ ಕೊಟ್ಟುಬಿಡುತ್ತಿದ್ದೆವು. ಸುಜಾತಳ ಮದುವೆಯ ಕ್ಯಾಸೆಟ್ಟು ಅಂಥದ್ದು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೇಲೂರಿನ ಅವರ ಮನೆಯ ಮುಂದೆ ಚಪ್ಪರ ಹಾಕಿ ಆದ ಮದುವೆ.

ಆ ಕ್ಯಾಸೆಟ್ಟು ಮತ್ತೆ ನನ್ನ ಮೇಜಿನ ಮೇಲೆ ಬಂದು ಕೂತದ್ದು ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ. ಆಗ ಸಿಡಿಗಳ ಕಾಲ. ‘ಹಳೆಯ ಕ್ಯಾಸೆಟ್ ಕೊಡಿ, ಸಿಡಿ ಮಾಡಿಕೊಡುತ್ತೇವೆ’ ಎಂದು ಬೋರ್ಡು ಬರೆಸಿದ್ದೆವು. ಊರೂರಿನಿಂದ ಕ್ಯಾಸೆಟ್ಟುಗಳು ಬರುತ್ತಿದ್ದವು. ಅಟ್ಟದ ಮೇಲಿಟ್ಟಿದ್ದವು, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದವು, ರೇಷ್ಮೆಹುಳು ಸಾಕುವ ಮನೆಯ ಥಂಡಿಯಲ್ಲಿ ಬೂಸಲು ಹಿಡಿದಿದ್ದವು. ಸುಜಾತ ತನ್ನದನ್ನು ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆ ಹಾಕಿ, ಟ್ರಂಕಿನಲ್ಲಿ ಭದ್ರವಾಗಿ ಇಟ್ಟಿದ್ದಳು. ಜೊತೆಯಲ್ಲಿ ಅವಳ ತಾಯಿ ಮುನಿಯಮ್ಮನವರೂ ಬಂದಿದ್ದರು. ಕೊರಳಿಗೆ ಸೆರಗು ಸುತ್ತಿಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ನಾನು ಊಟ ಆಯಿತೇ ಎಂದು ಕೇಳಿದೆ. ತಲೆಯಾಡಿಸಿದರು, ಮಾತಾಡಲಿಲ್ಲ.

ಸುಜಾತ ವಿಷಯ ಹೇಳಿದಳು. ತಾಯಿಗೆ ಗಂಟಲಲ್ಲಿ ಗಂಟು ಬಂದು, ಹಿಂದಿನ ವರ್ಷ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಇನ್ನು ಹನ್ನೆರಡು ದಿನಕ್ಕೆ ತಂಗಿಯ ಮದುವೆ. ಅವರ ಮನೆಯಲ್ಲಿ ಮದುವಣಗಿತ್ತಿಯನ್ನು ಹಸೆಮಣೆಗೆ ಕರೆಯುವಾಗ ಹೆತ್ತ ತಾಯಿಯೇ ಹಾಡಬೇಕು. ಬೇರೆ ಯಾರು ಹಾಡಿದರೂ ನಡೆಯದು. ಮುನಿಯಮ್ಮನವರ ಹಾಡೆಂದರೆ ಸುತ್ತಲ ಊರುಗಳಲ್ಲಿ ಹೆಸರಾಗಿತ್ತಂತೆ. ಒಂದೇ ಹಾಡನ್ನು ಎಲ್ಲರಿಗೂ ಹಾಡುತ್ತಿರಲಿಲ್ಲ, ಹಸೆಗೆ ಬಂದ ಹುಡುಗಿಯ ಮುಖ ನೋಡಿ ಅಲ್ಲಲ್ಲೇ ಸಾಲು ಕಟ್ಟುತ್ತಿದ್ದರಂತೆ.

"ನಂಗೂ ಹಾಡಿದ್ಲು. ಅವತ್ತು ಗಾಬ್ರೀಲಿ ನಂಗೇನೂ ಕಿವಿಗೆ ಬೀಳ್ಲಿಲ್ಲ ಅಕ್ಕ," ಎಂದಳು. "ನಂದೇ ಹಾಡು ತಂಗಿಗೂ ಆಗ್ಲಿ. ಈ ಸಿನಿಮಾ ಹಾಡು ತೆಗ್ದು ಅಮ್ಮನ ದನಿ ಕೊಡ್ರಿ."

ನೀವು ಕಲಿಯಲಿಲ್ಲವೇ ಎಂದು ಕೇಳಿದೆ.

"ಅಮ್ಮ ಇದಾಳಲ್ಲಾ ಅಂತ ಇದ್ಬಿಟ್ವಿ."

ನಾನು ದೊಡ್ಡ ಪಂಡಿತೆಯ ಹಾಗೆ ವಿವರಿಸಿದೆ. ಗೋಡೆಗೆ ಹಳದಿ ಬಣ್ಣದ ಮೇಲೆ ನೀಲಿ ಬಳಿದಿದ್ದೇವೆ ಎಂದುಕೋ, ಈಗ ಹಳದಿ ಎಲ್ಲಿಂದ ಬರುತ್ತದೆ ಎಂದೆ. ಆದರೂ ಅವಳ ಸಮಾಧಾನಕ್ಕೆ ಕ್ಯಾಸೆಟ್ಟನ್ನು ಹಾಕಿ ಓಡಿಸಿದೆ. ಹಸೆಯ ಭಾಗ ಬಂತು. ಕ್ಯಾಮೆರಾ ಮದುವಣಗಿತ್ತಿಯ ತಗ್ಗಿದ ಮುಖದ ಮೇಲೆಯೇ ನಿಂತಿತ್ತು. ಮುನಿಯಮ್ಮ ಚಿತ್ರದಲ್ಲಿ ಇರಲಿಲ್ಲ, ಅವರ ಹಸಿರು ಬಳೆಯ ಕೈ ಮಾತ್ರ ಒಮ್ಮೊಮ್ಮೆ ಕಾಣುತ್ತಿತ್ತು. ಮೇಲೆ ನಾನು ಆರಿಸಿದ ಪ್ರೇಮಗೀತೆ. ಅಷ್ಟರಲ್ಲಿ ಮಿಷನ್ನಿನಿಂದ ಗರಗರ ಸದ್ದು ಬಂತು, ಚಿತ್ರ ಹರಿದು ಹೋಯಿತು. ಟ್ರಂಕಿನೊಳಗೇ ಬೂಸಲು ಹಿಡಿದಿದ್ದ ಟೇಪನ್ನು ನಮ್ಮ ವಿಸಿಆರ್ ಅಗಿದು ಹಾಕಿತ್ತು. ಸರಿಯಾಗಿ ಅದೇ ಜಾಗದಲ್ಲಿ.

ನಾನು ಚಿಮುಟದಿಂದ ಟೇಪನ್ನು ಬಿಡಿಸುವಾಗ ಸುಜಾತ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದಳು. ಮುನಿಯಮ್ಮ ಎದ್ದು ಬಂದು ಮಗಳ ಸೆರಗು ಜಗ್ಗಿದರು. ಅಂಗೈಯನ್ನು ನನ್ನ ಕಡೆ ಎತ್ತಿ ತೋರಿಸಿದರು, ಬೇಡ ಎನ್ನುವಂತೆ ತಲೆಯಾಡಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನಿಗೆ ಮಿಷನ್ನುಗಳೆಂದರೆ ಭಯ ಎಂದಳು ಸುಜಾತ. ಇದ್ದರೂ ಇರಬಹುದು ಎಂದು ನಾನೂ ನಂಬಿದೆ.

ಅವರು ಹೋದ ಮೇಲೆ ನಮ್ಮ ಯಜಮಾನರು ಗೌರಿಬಿದನೂರಿನ ನಜೀರ್ ಸಾಹೇಬರಿಗೆ ಫೋನು ಹಚ್ಚಿದರು. ಸಾಹೇಬರು ರೇಡಿಯೊ ಕಾಲದಿಂದ ರಿಪೇರಿಯಲ್ಲಿದ್ದವರು, ನಮ್ಮಂಥವರ ಮಿಷನ್ನು ಕೆಟ್ಟರೆ ಅವರೇ ಗತಿ. ಅವರು ಒಂದೇ ಪ್ರಶ್ನೆ ಕೇಳಿದರಂತೆ, ಆ ಮದುವೆಗೆ ಯಾವ ಕ್ಯಾಮೆರಾ ಹಿಡಿದಿದ್ದಿರಿ ಎಂದು. ಇವರು ಹೇಳಿದರು. ಆಗ ಸಾಹೇಬರು ಹೇಳಿದ ಮಾತನ್ನು ಇವರು ನನ್ನ ಮುಂದೆ ಎರಡು ಸಲ ಹೇಳಬೇಕಾಯಿತು, ಯಾಕೆಂದರೆ ಮೊದಲ ಸಲ ನಾನು ನಂಬಲಿಲ್ಲ. ಆ ದೊಡ್ಡ ಕ್ಯಾಮೆರಾ ದನಿಯನ್ನು ಎರಡು ಕಡೆ ಹಿಡಿಯುತ್ತಿತ್ತಂತೆ. ಒಂದು ಟೇಪಿನ ಅಂಚಿನಲ್ಲಿ, ಇನ್ನೊಂದು ಚಿತ್ರದ ಅಡಿಯಲ್ಲೇ. ನಾವು ಇಷ್ಟು ವರ್ಷ ಹಾಡು ಹಾಕಿದ್ದೆಲ್ಲ ಅಂಚಿನ ಮೇಲೆ. ಚಿತ್ರದ ಅಡಿಯ ದನಿಯನ್ನು ಅಳಿಸಬೇಕಾದರೆ ಚಿತ್ರವನ್ನೇ ಅಳಿಸಬೇಕು. ನಮ್ಮ ವಿಸಿಆರುಗಳಿಗೆ ಅಡಿಯ ದನಿ ಓದಲು ಬರುವುದಿಲ್ಲ, ಅಷ್ಟೇ. ಓದಬಲ್ಲ ಮಿಷನ್ನು ಸಾಹೇಬರ ಹತ್ತಿರ ಇತ್ತು, ಅವರ ತಮ್ಮ ಗಲ್ಫಿನಿಂದ ತಂದದ್ದು. ಕ್ಯಾಸೆಟ್ಟನ್ನು ಇನ್ನೊಂದು ಸಲ ಓಡಿಸಬೇಡಿ, ಹಾಗೇ ತನ್ನಿ ಎಂದರಂತೆ.

ನಾನು ಒರೆಸಿದೆ ಎಂದುಕೊಂಡಿದ್ದ ಮದುವೆಗಳೆಲ್ಲ ಹಾಡುಗಳ ಕೆಳಗೆ ಇನ್ನೂ ಮಾತಾಡುತ್ತಿವೆ ಎಂದು ತಿಳಿದಾಗ ನನಗೆ ಖುಷಿಯಾಗಲಿಲ್ಲ, ಒಂದು ಬಗೆಯ ಭಯವಾಯಿತು. ಯಾಕೆಂದು ಆಗ ಗೊತ್ತಿರಲಿಲ್ಲ.

ಸಾಹೇಬರಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ನಮ್ಮದನ್ನೇ ಒಯ್ಯಬೇಕಿತ್ತು. ಸಿಪಿಯು ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಯಜಮಾನರಿಗೆ ಅವತ್ತು ಬೇರೆ ಮದುವೆ ಇತ್ತು. ಮೊದಲೇ ಹೇಳಿ ಕಳಿಸಿದ್ದರಿಂದ ಶಿಡ್ಲಘಟ್ಟದಲ್ಲಿ ತಾಯಿ, ಮಗಳು ಹತ್ತಿದರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಮಗುವಿಗೆ ಹುಷಾರಿಲ್ಲವೇ ಎಂದು ದುಪ್ಪಟಿ ಕಡೆ ನೋಡಿ ಕೇಳಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಸುಜಾತ ಕ್ಯಾಸೆಟ್ಟಿದ್ದ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಮುನಿಯಮ್ಮ ಕಿಟಕಿಯ ಆಚೆ ನೋಡುತ್ತ ಕೂತಿದ್ದವರು ನಡುವೆ ಎರಡು ಸಲ ಮಗಳ ಮೊಣಕೈ ತಟ್ಟಿ, ವಾಪಸು ಹೋಗೋಣ ಎಂದು ಕೈಸನ್ನೆ ಮಾಡಿದರು. ಮಗಳು ತಿರುಗಿ ನೋಡಲಿಲ್ಲ.

ನಜೀರ್ ಸಾಹೇಬರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಹೊರಗೆ ತೆಗೆದರು. ಅಂಚಿನಲ್ಲೆಲ್ಲ ಬಿಳಿ ಬೂಸಲು. ಮೆತ್ತನೆ ಬಟ್ಟೆಯನ್ನು ಬೆರಳ ನಡುವೆ ಹಿಡಿದು, ಟೇಪನ್ನು ಕೈಯಿಂದಲೇ ಮೊಳ ಮೊಳವಾಗಿ ಎಳೆದು ಒರೆಸುತ್ತ ಹೋದರು. ಅರ್ಧ ದಿನ ಅದೇ ಕೆಲಸ. ನಮ್ಮ ವಿಸಿಆರ್ ಅಗಿದಿದ್ದ ಜಾಗ ಬಂದಾಗ ಅವರು ಕನ್ನಡಕವನ್ನು ಹಣೆಗೇರಿಸಿ ಬೆಳಕಿಗೆ ಹಿಡಿದು ನೋಡಿದರು. ಸುಜಾತ ಬೆಂಚಿನಿಂದ ಎದ್ದು ನಿಂತಳು.

"ಅಂಚು ಪೂರಾ ಹೋಗಿದೆ ಅಮ್ಮಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಂಚಲ್ಲಿ ಇದ್ದಿದ್ದು ನಿಮ್ಮ ಸಿನಿಮಾ ಹಾಡು. ಅದು ಹೋದ್ರೆ ಹೋಗ್ಲಿ. ನಡುವೆ ಇರೋದು ಉಳ್ಕೊಂಡಿದೆ. ಆದ್ರೆ ಒಂದು ಸಲ ಓಡತ್ತೆ, ಎರಡನೇ ಸಲಕ್ಕೆ ನಾನು ಮಾತು ಕೊಡಲ್ಲ," ಎಂದರು.

ತಾಯಿ, ಮಗಳನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿದರು. ಕಂಪ್ಯೂಟರಿಗೆ ವೈರು ಜೋಡಿಸಿಯಾಯಿತು. ದನಿ ಸರಿಯಾಗಿ ಇಳಿಯುತ್ತಿದೆಯೇ ಎಂದು ಕೇಳಿಸಿಕೊಳ್ಳುವ ಕೆಲಸ ನನ್ನದು. ಹೆಡ್‌ಫೋನ್ ಹಾಕಿಕೊಂಡೆ. ಸಾಹೇಬರು ಮಿಷನ್ನಿನ ಮೇಲೆ ಕೈಯಿಟ್ಟುಕೊಂಡೇ ಗುಂಡಿ ಒತ್ತಿದರು.

ಮೊದಲು ಬರೀ ಕರಕರ. ಆಮೇಲೆ, ನಿಮಗೆ ಹೇಗೆ ಹೇಳಲಿ, ಒಂದು ಮನೆ ಕೇಳಿಸಿತು. ಪಾತ್ರೆ ಸದ್ದು, ಯಾರೋ ಯಾರನ್ನೋ ಹೂವಿಗೆ ಕೂಗಿದ್ದು, ಎಮ್ಮೆಯ ಕೂಗು, ತೆಲುಗಿನಲ್ಲಿ ಯಾರೋ ಮುದುಕರ ಬೈಗುಳ. ಹದಿಮೂರು ಹದಿನಾಲ್ಕು ವರ್ಷ ನನ್ನ ಹಾಡಿನ ಕೆಳಗೆ ಬಿದ್ದಿದ್ದ ಮನೆ. ಹಸೆಯ ಭಾಗ ಬಂತು. ಯಾರೋ ಗಂಟಲು ಸರಿಮಾಡಿಕೊಂಡರು. ಎತ್ತರದ, ಸ್ವಲ್ಪ ಒರಟಾದ ದನಿ ಎದ್ದಿತು.

"ಹಿಪ್ಪುನೇರಳೆ ಸೊಪ್ಪ ಹೊತ್ತು ಹೊಸಿಲ ದಾಟಿದೋಳೆ, ಹಸೆಗೆ ಬಾರೆ,
ಅಪ್ಪನ ತೋಟದ ಬೇಲಿ ದಾಟೋ ಹೊತ್ತು ಬಂತು, ಹಸೆಗೆ ಬಾರೆ."

ಮೂರನೆಯ ಸಾಲಿಗೆ ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅಷ್ಟರಲ್ಲಿ ಮೈಕಿನ ಹತ್ತಿರದಿಂದಲೇ ಇನ್ನೊಂದು ದನಿ ಬಂತು. ಹರೆಯದ ಹೆಂಗಸು, ಚುರುಕಾಗಿ, ಅವಸರದಲ್ಲಿ:

"ಸಾಕು ಬಿಡಿ ಅಮ್ಮಾ, ಹಾಡು ನಾವ್ ಹಾಕ್ತೀವಿ. ಸುಮ್ನೆ ಅಕ್ಷತೆ ಹಾಕಿ."

ಹಾಡು ನಿಂತಿತು. ಅಕ್ಷತೆ ಬಿದ್ದ ಸಣ್ಣ ಸದ್ದು. ಅಷ್ಟೇ.

ಆ ದನಿ ಯಾರದೆಂದು ನಿಮಗೆ ತಿಳಿದೇ ಇರುತ್ತದೆ. ನನಗೆ ಒಂದು ಕ್ಷಣ ಬೇಕಾಯಿತು, ಏಕೆಂದರೆ ನಮ್ಮ ದನಿ ನಮಗೆ ಪರಕೀಯವಾಗಿಯೇ ಕೇಳಿಸುತ್ತದೆ. ಹೆಂಗಸರೇ ತುಂಬಿದ ಕೋಣೆಗೆ ಲೈಟು ಹಿಡಿದುಕೊಂಡು ಹೋಗುತ್ತಿದ್ದವಳು ನಾನೇ ಅಲ್ಲವೇ. ದೀಪದ ಶಾಖಕ್ಕೆ ಕೈ ಸುಡುತ್ತಿತ್ತು, ಇನ್ನೂ ಧಾರೆಯ ಶೂಟಿಂಗು ಬಾಕಿ ಇತ್ತು, ಹೇಗೂ ಈ ಸದ್ದೆಲ್ಲ ಒರೆಸಿ ಹೋಗುವಂಥದ್ದು. ಎಷ್ಟು ಮದುವೆಗಳಲ್ಲಿ ಎಷ್ಟು ಜನರಿಗೆ ಹೀಗೆ ಹೇಳಿದ್ದೆನೋ, ಒಂದೂ ನೆನಪಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಿರಲಿಲ್ಲ.

"ಬಂತಾ?" ಎಂದರು ಸಾಹೇಬರು. ನನ್ನ ಮುಖ ನೋಡಿಯೇ ಕೇಳಿದ್ದರು.

ಬಂತು, ಎರಡು ಸಾಲು ಬಂತು ಎಂದೆ. ಆಮೇಲೇನು ಎಂದು ಅವರು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಹೆಡ್‌ಫೋನನ್ನು ಇನ್ನೂ ಗಟ್ಟಿಯಾಗಿ ಕಿವಿಗೆ ಒತ್ತಿಕೊಂಡೆ.

"ಆಮೇಲೆ ಏನೂ ಇಲ್ಲ. ಟೇಪು ಹೋಗಿದೆ."

ಹೌದು, ಸುಳ್ಳು ಹೇಳಿದೆ. ಎರಡು ಸಾಲಿಗೆ ಕತ್ತರಿಸಿ ಸಿಡಿಗೆ ಹಾಕಿದರೆ ಪ್ರಪಂಚದಲ್ಲಿ ಯಾರಿಗೂ ತಿಳಿಯುವುದಿಲ್ಲ. ಕತ್ತರಿಸುವುದು ನನ್ನ ಕಸುಬು. ಈ ಲೆಕ್ಕಾಚಾರವನ್ನು ನಾನು ಒಂದು ಉಸಿರಿನಲ್ಲಿ ಮುಗಿಸಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಸುಜಾತ ಅಳಲು ಶುರುಮಾಡಿದಳು. ಗಟ್ಟಿಯಾಗಿ ಅಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ನಾನೇ ಹಾಳ್ಮಾಡ್ದೆ. ಆ ಟ್ರಂಕಲ್ಲಿ ಇಡ್ಬಾರ್ದಾಗಿತ್ತು. ವರ್ಷಕ್ಕೊಂದ್ ಸಲ ಬಿಸ್ಲಿಗಾದ್ರೂ ಇಟ್ಟಿದ್ರೆ... ಅಮ್ಮನ ಹಾಡು ನನ್ ಕೈಯಾರೆ ಹಾಳ್ಮಾಡ್ದೆ."

ಟ್ರಂಕಿಗೂ ನುಸಿಗುಳಿಗೆಗೂ ಬಯ್ದುಕೊಂಡಳು, ತನ್ನ ಹಣೆಬರಹಕ್ಕೆ ಬಯ್ದುಕೊಂಡಳು. ಮುನಿಯಮ್ಮ ಮಗಳ ಬೆನ್ನು ನೀವುತ್ತಿದ್ದರು. ನೀವುತ್ತಲೇ ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಮಗಳಿಗೆ ಕಾಣದ ಹಾಗೆ, ಬೇಡ, ಇರಲಿ ಬಿಡು ಎನ್ನುವಂತೆ ಅಂಗೈ ಎತ್ತಿ ತೋರಿಸಿದರು. ನಮ್ಮ ಸ್ಟುಡಿಯೊದಲ್ಲಿ ತೋರಿಸಿದ್ದ ಅದೇ ಅಂಗೈ. ಆಗ ನನಗೆ ಅರ್ಥವಾಯಿತು: ಅವರಿಗೆ ಎಲ್ಲವೂ ನೆನಪಿತ್ತು. ಆ ಟೇಪಿನಲ್ಲಿ ಹಾಡು ಎರಡೇ ಸಾಲಿಗೆ ಯಾಕೆ ನಿಂತಿದೆ ಎಂದು, ನಿಲ್ಲಿಸಿದವಳು ಯಾರೆಂದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಅವರು ಬೇಡ ಬೇಡ ಎಂದು ಎಳೆದಾಡಿದ್ದು ನನ್ನ ಮಾನ ಉಳಿಸುವುದಕ್ಕೆ.

ನಾನು ಹೆಡ್‌ಫೋನಿನ ಪಿನ್ನು ಕಿತ್ತೆ. ಅಲ್ಲಿ ಸಾಹೇಬರ ಸ್ಪೀಕರಿನ ವೈರು ಚುಚ್ಚಿದೆ. ಕಂಪ್ಯೂಟರಿಗೆ ಇಳಿದದ್ದನ್ನು ಮೊದಲಿನಿಂದ ಹಾಕಿದೆ.

ಹಾಡು ಕೇಳಿ ಸುಜಾತಳ ಅಳು ನಿಂತಿತು. ಎರಡನೆಯ ಸಾಲು ಮುಗಿಯಿತು. ಆಮೇಲೆ ನನ್ನ ದನಿ ಅಂಗಡಿಯಲ್ಲೆಲ್ಲ ಕೇಳಿಸಿತು. ಅವಳು ಮಿಷನ್ನನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವಾ?"

"ನಾನೇ ಕಣಮ್ಮ. ಟೇಪು ಹಾಳಾಗಿಲ್ಲ. ನಿಂದೇನೂ ತಪ್ಪಿಲ್ಲ."

ಮುನಿಯಮ್ಮನವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ. ನನ್ನ ಕಡೆ ಕೈ ತೋರಿಸಿ, ಎರಡು ಬೆರಳನ್ನು ಬಾಯಿಯ ಮುಂದೆ ಚಟಪಟ ಆಡಿಸಿದರು. ಇವಳದು ಆಗಲೂ ಇಷ್ಟೇ ಬಾಯಿ ಎಂದು ಅದರ ಅರ್ಥ. ನಜೀರ್ ಸಾಹೇಬರು ಚಹಾ ತರಲು ಎದ್ದು ಹೋದರು.

ಸುಜಾತ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಸಿಡಿ ಮಾಡುವ ಮೊದಲು ನನ್ನ ಮಾತನ್ನು ತೆಗೆದುಬಿಡಲೇ ಎಂದು ಫೋನು ಮಾಡಿ ಕೇಳಿದೆ. ತಡೀರಿ ಎಂದು ಫೋನು ಕೆಳಗಿಟ್ಟಳು. ತಾಯಿಯನ್ನು ಕೇಳುತ್ತಿದ್ದಳೇನೋ.

"ಅಮ್ಮ ಇರ್ಲಿ ಅಂತಾಳೆ. ನಂಗಾದ್ರೆ ಬೇಡ," ಎಂದಳು. "ಹಾಡು ಅವಳ್ದು, ಅವಳು ಹೇಳ್ದಂಗೆ ಮಾಡಿ."

ಇದ್ದ ಹಾಗೇ ಕೊಟ್ಟೆ. ತಂಗಿಯ ಹಸೆಗೆ ಅದನ್ನೇ ಹಾಕಿದರಂತೆ, ಆದರೆ ಮದುವೆಯ ಶೂಟಿಂಗಿಗೆ ಬೇರೆ ಸ್ಟುಡಿಯೊದವರನ್ನು ಕರೆದರು. ಕರೆಯಬಾರದಿತ್ತು ಎಂದು ನಾನು ಹೇಳುವಂತಿರಲಿಲ್ಲ. ಎರಡು ವರ್ಷದ ಮೇಲೆ ಮುನಿಯಮ್ಮ ಹೋದರು ಎಂದು ಯಾರೋ ಹೇಳಿದರು. ಮಣ್ಣಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಆ ಗೌರಿಬಿದನೂರಿನ ದಿನದಿಂದ ನಮ್ಮ ಕೆಲಸದಲ್ಲಿ ಒಂದೇ ಬದಲಾವಣೆ: ಯಾರು ಏನೇ ಕೇಳಲಿ, ಹಾಡಿಲ್ಲದ ಒಂದು ಪ್ರತಿಯನ್ನೂ ಜೊತೆಗಿಟ್ಟು ಕೊಡುತ್ತಿದ್ದೆ. ಬಹಳ ಜನ ಅದನ್ನು ಬಿಚ್ಚಿಯೂ ನೋಡಿರಲಿಕ್ಕಿಲ್ಲ.

ಇಷ್ಟಾದ ಮೇಲೆ ಬಂದ ಕರೆ ಇದು. ಸೀರೆಯ ವಾಸನೆ ಹೋಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಉಟ್ಟುಕೊಂಡು ಮೇಲೂರಿಗೆ ಹೋದೆ.

ಕ್ಯಾಮೆರಾ ಇಲ್ಲದೆ, ಲೈಟು ಇಲ್ಲದೆ ಮದುವೆ ಮನೆಯಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೆಂಗಸರ ಗುಂಪಿನ ಹಿಂದೆ ಗೋಡೆಗೊರಗಿ ನಿಂತೆ. ಸುಜಾತಳಿಗೆ ತಲೆ ಪೂರ್ತಿ ನರೆತಿತ್ತು. ಹಸೆಮಣೆಯ ಪಕ್ಕದಲ್ಲಿ ನಿಂತು, ಮಗಳ ಮುಖ ನೋಡಿ, ಗಂಟಲು ಸರಿಮಾಡಿಕೊಂಡು ಹಾಡಿದಳು. ಅವೇ ಎರಡು ಸಾಲು, ತಾಯಿಯ ಎತ್ತರಕ್ಕೆ ಏರಲಾಗದ ದನಿಯಲ್ಲಿ. ಎರಡನೆಯ ಸಾಲು ಮುಗಿದು ಉಸಿರು ಎಳೆದುಕೊಂಡ ಕೂಡಲೇ ಸುತ್ತಲಿದ್ದ ಹೆಂಗಸರೆಲ್ಲ ಒಟ್ಟಾಗಿ, ಒಂದೇ ರಾಗದಲ್ಲಿ ಹೇಳಿದರು:

"ಸಾಕು ಬಿಡಿ ಅಮ್ಮಾ, ಹಾಡು ನಾವ್ ಹಾಕ್ತೀವಿ."

ಎಲ್ಲರೂ ಅಕ್ಷತೆ ಹಾಕಿದರು. ಸಿಡಿಯಲ್ಲಿದ್ದ ಹಾಗೇ ನನ್ನದೇ ಅವಸರ, ಕೊನೆಯಲ್ಲಿ ನನ್ನದೇ ಎಳೆತ, ಒಂದಿಷ್ಟೂ ತಪ್ಪಿಲ್ಲ. ಪಕ್ಕದಲ್ಲಿದ್ದ ಹೆಂಗಸು ನಾನು ಹೊಸಬಳೆಂದು ತಿಳಿದು ನನ್ನ ಕೈಗೂ ಅಕ್ಷತೆ ಹಾಕಿದಳು.

"ನೀವೂ ಅನ್ನಿ ಅಕ್ಕ, ಎಲ್ಲಾರೂ ಅನ್ಬೇಕು. ಇವರ ಮನೇಲಿ ಹಳೇ ಕಾಲ್ದಿಂದ ಬಂದಿರೋ ಶಾಸ್ತ್ರ ಇದು."

ಸುಜಾತ ತಲೆಗಳ ಮೇಲಿಂದ ನನ್ನನ್ನು ನೋಡಿದಳು. ನಾನು ಅನ್ನುತ್ತೇನೆಂದು ಕಾಯುತ್ತಿದ್ದಳೋ, ಅನ್ನಲಿಕ್ಕಿಲ್ಲ ಎಂದು ಕಾಯುತ್ತಿದ್ದಳೋ ತಿಳಿಯಲಿಲ್ಲ. ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ.

"ಇನ್ನೊಂದ್ ಸಲ ಹಾಡಮ್ಮ ಸುಜಾತ," ಎಂದೆ.

ಹೆಂಗಸರು ತಿರುಗಿ ನೋಡಿದರು. ಸುಜಾತ ಸೆರಗು ಸರಿಮಾಡಿಕೊಂಡು ಮತ್ತೆ ಹಾಡಿದಳು. ಈ ಸಲ ಯಾರೂ ಏನೂ ಅನ್ನಲಿಲ್ಲ. ಎರಡು ಸಾಲು ಮುಗಿದ ಮೇಲೆ ಅವಳೇ ನಿಲ್ಲಿಸಿದಳು. ಅದರ ಮುಂದೆ ಅವಳಿಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಮೂರನೆಯ ಸಾಲನ್ನು ಮುನಿಯಮ್ಮ ಕಟ್ಟುವ ಮೊದಲೇ ನಾನು ಸಾಕು ಎಂದಿದ್ದೆ.